ಅಟ್ಟದ ಕಡತದಿಂದ ಮಕ್ಕಳ ಕಾದಂಬರಿ ಕಟ್ಟುವುದು

ಮಾಯೆಯ ನೆರವಿನಿಂದ ಮನೆತನದ ಗುಟ್ಟು ಪತ್ತೆಮಾಡುವ ಹುಡುಗಿಯ ಕತೆಯನ್ನು ಹೆಚ್ಚಿನವರು ಅಟ್ಟದ ಬಾಗಿಲಿನಿಂದ ಶುರುಮಾಡುತ್ತಾರೆ. ಬಾಗಿಲು ಕಿರ್ರೆನ್ನುತ್ತದೆ, ಪೆಟ್ಟಿಗೆ ಹೊಳೆಯುತ್ತದೆ. ಆರನೇ ಅಧ್ಯಾಯಕ್ಕೆ ಬಂದಾಗ ಆ ಪೆಟ್ಟಿಗೆಯಲ್ಲಿ ಏನಿದೆಯೆಂದು ಬರೆಯುವವರಿಗೇ ಗೊತ್ತಿರುವುದಿಲ್ಲ. ಮೊದಲು ಗುಟ್ಟನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. ಅದರ ಕೆಳಗೆ, ದೊಡ್ಡವರು ಅದನ್ನು ಯಾಕೆ ಮುಚ್ಚಿಟ್ಟರು ಎಂಬುದನ್ನೂ ಬರೆಯಿರಿ. ನಾಚಿಕೆ, ಹೆದರಿಕೆ, ಆಸ್ತಿ, ಕೊಟ್ಟ ಮಾತು, ಇವುಗಳಲ್ಲಿ ಒಂದಾದರೂ ಇರದಿದ್ದರೆ ಗುಟ್ಟು ನಿಲ್ಲುವುದಿಲ್ಲ.

ಒಂದು ಕತೆ ಹಿಡಿದು ನೋಡೋಣ. ಸಾಗರದ ಕಡೆಯ ಮನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿಯ ಹಿನ್ನೀರಿನಲ್ಲಿ ಹಳೆಮನೆ ಮುಳುಗಿತು. ಗುಟ್ಟು: ಅಜ್ಜನ ಅಕ್ಕ ಎಲ್ಲರೂ ನಂಬಿರುವಂತೆ ನೀರುಪಾಲಾಗಲಿಲ್ಲ, ಮನೆ ಬಿಟ್ಟು ಹೋದಳು. ಕಾರಣ: ಬಾಯಿಬಿಡುವುದಿಲ್ಲವೆಂದು ತಮ್ಮ ಅವಳಿಗೆ ಮಾತು ಕೊಟ್ಟಿದ್ದ. ವಯಸ್ಸಿನ ಲೆಕ್ಕ ಇಲ್ಲೇ ಹಾಕಿಬಿಡಿ. ಆಗ 10 ವರ್ಷದವನಿಗೆ ಈಗ ಎಪ್ಪತ್ತು ದಾಟಿದೆ, ಮೊಮ್ಮಗಳಿಗೆ 11 ಇರಬಹುದು. ಅಜ್ಜನ ಬದಲು ಮುತ್ತಜ್ಜನನ್ನು ಜಗಲಿಯಲ್ಲಿ ಕೂರಿಸಿದರೆ ಅವನಿಗೆ ನೂರರ ಆಸುಪಾಸು ಆಗುತ್ತದೆ.

ಮಾಯೆಗೆ ಬೇಕಾದ ವಸ್ತು ಮನೆಯೊಳಗಿನದೇ ಆಗಲಿ. ಹೊಳೆಯುವ ಉಂಗುರಕ್ಕಿಂತ ಕಡತ ಎಷ್ಟೋ ಮೇಲು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಲೆಕ್ಕದ ಪುಸ್ತಕ ಅದು. ಬಳಪದಲ್ಲಿ ಬರೆದು ಒರೆಸಬಹುದು. ಒರೆಸಿದ ಅಕ್ಷರ ಶರಾವತಿಯ ನೀರು ಸೋಕಿದರೆ ಮತ್ತೆ ಮೂಡುತ್ತದೆ ಎನ್ನುವುದು ನಿಮ್ಮ ಮಾಯೆ. ಆದರೆ ನೀರಿಗೆ ಅಂಟು ಬಿಡುತ್ತದೆ, ಓದಿದ ಮಡಿಕೆ ಆಮೇಲೆ ಉಳಿಯುವುದಿಲ್ಲ. ಮಾಯೆಯ ಬೆಲೆ ವಸ್ತುವಿನ ಗುಣದಿಂದಲೇ ಹುಟ್ಟಿತಲ್ಲ, ಅದನ್ನು ವಿವರಿಸಲು ಮಂತ್ರವಾದಿ ಬೇಕಿಲ್ಲ. ಮಡಿಕೆ ಐದೇ ಇರಲಿ. ಕಡತ ಗುಟ್ಟನ್ನು ನೇರವಾಗಿ ಹೇಳಲೂ ಕೂಡದು, ಹೇಳಿದರೆ ಹುಡುಗಿಗೆ ಕೆಲಸವೇ ಇಲ್ಲ. ‘ಖಂಡುಗ ಭತ್ತ’ ಎಂಬ ಲೆಕ್ಕದ ನಡುವೆ ಮಗುವಿನ ಕೈಬರಹದ ಒಂದು ಸಾಲು ಸಾಕು. ಇನ್ನೊಂದು ಎಚ್ಚರ: 1964ಕ್ಕೆ ಲೆಕ್ಕವೆಲ್ಲ ಕಾಗದಕ್ಕೆ ಬಂದಾಗಿತ್ತು. ಕಡತ ಆಗಲೇ ಹಳೆಯದು, ಅಕ್ಕ-ತಮ್ಮ ಅದನ್ನು ಸ್ಲೇಟಿನಂತೆ ಬಳಸಿದರು ಎಂದಿಟ್ಟುಕೊಳ್ಳಿ.

ಸುಳಿವು ಮೊದಲ ಸಲ ಕಂಡಾಗ ದಿನದ ಮಾತಿನಂತಿರಬೇಕು. ಒಂದನೇ ಅಧ್ಯಾಯದಲ್ಲಿ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವಾಗ ಅಜ್ಜ ಒಂದು ಎಲೆಯನ್ನು ಸುಮ್ಮನೆ ಎತ್ತಿ ಬದಿಗಿಡುತ್ತಾನೆ. ಬದುಕಿರುವವರಿಗೆ ಎಡೆ ಇಡಲು ಅವನ ಕೈ ಬಾರದು. ಅಮ್ಮ ‘ಎಲೆ ಹರಿದಿರಬೇಕು’ ಎನ್ನಲಿ. ಎಂಟನೇ ಅಧ್ಯಾಯದಲ್ಲಿ ಆ ಎಲೆ ಹುಡುಗಿಗೆ ನೆನಪಾಗಬೇಕು. ಎರಡು ಕಡೆಯೂ ಅದೇ ಪದ ಬಳಸಿ: ಒಮ್ಮೆ ‘ಎಲೆ’, ಇನ್ನೊಮ್ಮೆ ‘ಪತ್ರಾವಳಿ’ ಎಂದರೆ ಮಗುವಿಗೆ ಕೊಂಡಿ ತಪ್ಪುತ್ತದೆ.

ದಾರಿ ತಪ್ಪಿಸುವ ಸುಳಿವಿಗೆ ಕನ್ನಡದ ಸಂಬಂಧಪದಗಳಿಗಿಂತ ಒಳ್ಳೆಯ ಜಾಗವಿಲ್ಲ. ‘ಚಿಕ್ಕಮ್ಮ’ ಎಂದರೆ ತಾಯಿಯ ತಂಗಿ, ಚಿಕ್ಕಪ್ಪನ ಹೆಂಡತಿ, ಮಲತಾಯಿ, ಮೂವರಲ್ಲಿ ಯಾರೂ ಆಗಬಹುದು. ‘ಅತ್ತೆ’ಯೂ ಹಾಗೆಯೇ. ಓದುಗರು ಒಬ್ಬರನ್ನು ಅಂದುಕೊಂಡಿರಲಿ, ಮತ್ತೊಬ್ಬರಾಗಲಿ. ಹೆಸರಿನ ಜತೆ ಸಂಬಂಧವನ್ನು ಪ್ರತಿ ಸಾಲಿನಲ್ಲೂ ಬಿಡಿಸಿ ಹೇಳಿದರೆ ಈ ಆಟ ಕೆಡುತ್ತದೆ.

9ರಿಂದ 12ರ ವಯಸ್ಸಿನವರಿಗೆ ತಲಾ ಸಾವಿರ ಪದದ ಹನ್ನೆರಡು ಅಧ್ಯಾಯ ಸಾಕಾಗುತ್ತದೆ. ಕತೆ ಎರಡು ರಜೆಗಳಲ್ಲಿ ನಡೆಯಲಿ, ದಸರಾ ಮತ್ತು ಬೇಸಿಗೆ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಹಿನ್ನೀರು ಇಳಿದು, ಅದರಲ್ಲಿ ಮುಳುಗಿದ್ದ ಹಳೆಯ ಮಡೆನೂರು ಅಣೆಕಟ್ಟು ತಲೆಯೆತ್ತುತ್ತದೆ. ಹಳೆಮನೆಯ ತಳಪಾಯವನ್ನೂ ಹಾಗೆ ಮೇಲೆ ತನ್ನಿ. ಮುಂಗಾರು ಬಂದರೆ ಮತ್ತೆ ಮುಳುಗುವುದರಿಂದ ಅವಸರ ತಾನಾಗಿ ಹುಟ್ಟುತ್ತದೆ, ಖಳನಾಯಕನನ್ನು ಹುಡುಕಬೇಕಿಲ್ಲ. ಐದನೇ ಮಡಿಕೆಯನ್ನು ನೀರಿಗೆ ಒಡ್ಡುವ ಮುಂಚೆ ಹುಡುಗಿ ಅಜ್ಜನನ್ನು ಒಂದು ಮಾತು ಕೇಳಲಿ. ಆಗ ಅವನು ಹೇಳುವುದು ಮೂರು ಸಾಲು ಮೀರದಿರಲಿ.