ಹೋಟೆಲ್ ಕೆಲಸ ಬಿಟ್ಟು ಊರಿಗೆ ಹೊರಟಿದ್ದೀರಾ? ಮೊದಲು ಲೆಕ್ಕ ಚುಕ್ತಾ ಮಾಡಿಸಿಕೊಳ್ಳಿ

ಹಿಂದಿನ ತಿಂಗಳ ಒಂದು ಭಾನುವಾರ ಮಾಟುಂಗದ ನಮ್ಮ ಸಂಘದ ಕೋಣೆಗೆ ಒಬ್ಬರು ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ತೊಟ್ಟೆ. ಅದರೊಳಗೆ ಆಧಾರ್ ಕಾರ್ಡು, ಮಾಸಿದ ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡು, ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ಟಿಕೆಟ್. ಬೈಂದೂರು ಕಡೆಯವರು. ಒಂದೇ ಹೋಟೆಲಿನ ದೋಸೆ ಕಾವಲಿ ಮುಂದೆ 17 ವರ್ಷ 8 ತಿಂಗಳು ನಿಂತವರು. ಬಲಗೈಯ ರೋಮವೆಲ್ಲ ಸುಟ್ಟು ಚರ್ಮ ನುಣ್ಣಗಾಗಿತ್ತು. ಸೊಂಟನೋವು, ಇನ್ನು ನಿಲ್ಲಲಾಗದು, ಊರಿಗೆ ಹೊರಟಿದ್ದೇನೆ ಅಂದರು. ಪಿಎಫ್ (ಭವಿಷ್ಯನಿಧಿ) ತೆಗೆಯುವುದು ಹೇಗೆ ಅಂತ ಕೇಳಲು ಬಂದದ್ದು.

‘ಗ್ರ್ಯಾಚ್ಯುಟಿ ಕೊಟ್ಟರಾ ಅಣ್ಣಾ?’ ಅಂದೆ. ವರ್ಷಗಟ್ಟಲೆ ದುಡಿದವರು ಕೆಲಸ ಬಿಡುವಾಗ ಧನಿಗಳು ಕೊಡಬೇಕಾದ ಇಡಿಗಂಟು ಅದು.

‘ಧನಿಗಳ್ ಟಿಕೆಟ್ ತೆಗ್ಸಿ ಕೊಟ್ಟಿದ್ರ್. ಖರ್ಚಿಗೆ ಅಂತ ಕೈಗೆ ಇಪ್ಪತ್ತ್ ಸಾವ್ರ ಇಟ್ರ್. ಇನ್ನ್ ಅದನ್ನೆಲ್ಲ ಕೇಂಬುದ್ ಹ್ಯಾಂಗೆ ಮಾರಾಯ್ರೆ? ನನ್ ಮಗಳ್ ಮದಿಗ್ ಬಂದ್ ಉಂಗ್ರ ಹಾಕಿ ಹೋದವ್ರ್ ಅವ್ರ್.’

ಮುಂಬಯಿಯ ನಮ್ಮವರ ಹೋಟೆಲುಗಳಲ್ಲಿ ಬಾಕಿ ಮುಳುಗುವುದು ಕಾನೂನು ಇಲ್ಲದ್ದಕ್ಕಲ್ಲ, ಈ ಉಂಗುರಕ್ಕೆ. ಧನಿಗಳು ನಮ್ಮೂರಿನವರು, ಕೆಲಸಕ್ಕೆ ಹಚ್ಚಿದವರು ಅವರ ಭಾವ, ನಾಳೆ ಊರ ಜಾತ್ರೆಯಲ್ಲಿ ಎದುರಾಗುವವರು. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ ಇದೇ ಊರಿನ ಹೋಟೆಲ್ ಕಾರ್ಮಿಕರನ್ನು ಸಂಘಟಿಸಿದ ಕಾಲವೂ ಇತ್ತು. ಈಗ ಒಂದು ಕಾಗದ ಬರೆದುಕೊಡಿ ಅಂದರೂ ಕೈ ನಡುಗುತ್ತದೆ. ಆದರೆ ಉಂಗುರ ಉಡುಗೊರೆ, ಗ್ರ್ಯಾಚ್ಯುಟಿ ಸಾಲ. ಸಾಲವೆಂದರೆ ಧನಿಗಳು ನಿಮಗೆ ಕೊಡಬೇಕಾದದ್ದು.

ನಾನು ವಕೀಲನಲ್ಲ. ರಾತ್ರಿ ಶಾಲೆಯಲ್ಲಿ ಓದಿ, ಗಲ್ಲೆಯಲ್ಲಿ ಕೂತು ಲೆಕ್ಕ ಕಲಿತವನು. ದೋಸೆ ಅಣ್ಣನಿಗೆ ಮಾಡಿಸಿದ್ದನ್ನೇ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಮೂರು ಗಂಟು ಬೇರೆ ಬೇರೆ ಮಾಡಿ

ಬಾಕಿ ಅಂದರೆ ಒಂದೇ ಮೊತ್ತವಲ್ಲ. ಪಗಾರಿನ ಬಾಕಿ ಒಂದು, ಗ್ರ್ಯಾಚ್ಯುಟಿ ಇನ್ನೊಂದು, ಪಿಎಫ್ ಮತ್ತೊಂದು. ಮೂರಕ್ಕೂ ನಿಯಮ ಬೇರೆ, ಗಡುವು ಬೇರೆ. ‘ಎಲ್ಲ ಸೇರಿ ಇಷ್ಟು’ ಅಂತ ಯಾರಾದರೂ ಲಕೋಟೆ ಕೊಟ್ಟರೆ ಯಾವುದು ಎಷ್ಟು ಅಂತ ಬಿಡಿಸಿ ಕೇಳಬೇಕು.

ದೇಶದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ವೇತನ ಸಂಹಿತೆಯಂತೆ ಕೆಲಸ ಬಿಟ್ಟರೂ, ಬಿಡಿಸಿದರೂ ಬಾಕಿ ಪಗಾರು ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಮುಂದಿನ ತಿಂಗಳ ಹತ್ತಕ್ಕೆ ಬಾ ಅನ್ನುವುದು ಹಳೆಯ ರೂಢಿ, ಅಷ್ಟೆ. ಓವರ್‌ಟೈಮ್ ಇದ್ದರೆ ದುಪ್ಪಟ್ಟು ದರ. ಹಳೆಯ ಪಗಾರಿನ ಬಾಕಿಯನ್ನು 3 ವರ್ಷದವರೆಗೆ ಕೇಳಬಹುದು. ಗ್ರ್ಯಾಚ್ಯುಟಿಗೆ 30 ದಿನ ಗಡುವು. ಪಿಎಫ್ ಧನಿಗಳ ಗಲ್ಲೆಯಲ್ಲೇ ಇಲ್ಲ, ಸರ್ಕಾರದ ಬಳಿ ಇದೆ (ಕಟ್ಟಿದ್ದರೆ!).

ನೀವು ಕೆಲಸ ಮಾಡಿದ್ದಕ್ಕೆ ಸಾಕ್ಷಿ ಏನು?

ದೋಸೆ ಅಣ್ಣನ ಬಳಿ ನೇಮಕದ ಪತ್ರ ಇರಲಿಲ್ಲ. ಹೊಸ ಸಂಹಿತೆ ಅದನ್ನು ಕಡ್ಡಾಯ ಮಾಡಿದೆ, ಆದರೆ ಹದಿನೇಳು ವರ್ಷದ ಹಿಂದೆ ಕೇಳಿದ್ದರೆ ಭಟ್ಟರೂ ಕ್ಲೀನರೂ ಒಟ್ಟಿಗೆ ನಕ್ಕಿರುತ್ತಿದ್ದರು. ಹಾಗಂತ ಸಾಕ್ಷಿ ಇಲ್ಲವೇ ಇಲ್ಲ ಅಂತಲ್ಲ. ಇಎಸ್‌ಐ ಕಾರ್ಡಿನ ಮೇಲೆ ನೋಂದಣಿಯ ತಾರೀಕು ಇರುತ್ತದೆ. ಪಿಎಫ್ ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳಿನ ಜಮೆ ಇರುತ್ತದೆ. ಪಗಾರು ಬ್ಯಾಂಕಿಗೆ ಬರುತ್ತಿದ್ದರೆ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ. ಹೋಟೆಲಿನ ವಾಟ್ಸಾಪ್ ಗುಂಪಿನಲ್ಲಿ ಡ್ಯೂಟಿ ಹಾಕಿದ ಮೆಸೇಜು, ಆಯುಧಪೂಜೆಯ ದಿನ ಹೋಟೆಲಿನ ಬೋರ್ಡ್ ಕೆಳಗೆ ನಿಂತು ತೆಗೆದ ಫೋಟೊ ಎಲ್ಲವನ್ನೂ ಎತ್ತಿಡಿ. ಜೊತೆಗೆ ಕೆಲಸ ಮಾಡಿದ ಇಬ್ಬರು ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಹೋಟೆಲು ನಡುವೆ ಕಂಡಕ್ಟ್‌ಗೆ (ಕರಾರಿನ ಮೇಲೆ ಬೇರೆಯವರು ನಡೆಸಲು) ಹೋಗಿದ್ದರೆ ಯಾವ ವರ್ಷದಿಂದ ಯಾರು ನಡೆಸಿದರು ಅಂತ ನೆನಪಿದ್ದಷ್ಟು ಬರೆದಿಡಿ. ಮುಂದೆ ‘ನಿಮ್ಮ ಧನಿ ನಾನಲ್ಲ’ ಅನ್ನುವ ಮಾತು ಬರುವುದು ಇಲ್ಲಿಂದಲೇ.

ಗ್ರ್ಯಾಚ್ಯುಟಿ ಲೆಕ್ಕ ನೀವೇ ಹಾಕಿ

ಇದನ್ನು ನಿಧಾನವಾಗಿ ಓದಿ, ದುಡ್ಡು ಹೆಚ್ಚು ತಪ್ಪಿಹೋಗುವ ಜಾಗ ಇದೇ.

10 ಅಥವಾ ಹೆಚ್ಚು ಜನ ಕೆಲಸಕ್ಕಿರುವ ಹೋಟೆಲಿಗೆ ಗ್ರ್ಯಾಚ್ಯುಟಿ ಕಾನೂನು ಅನ್ವಯಿಸುತ್ತದೆ. ಒಮ್ಮೆ ಅನ್ವಯಿಸಿದ ಮೇಲೆ ಜನ ಎಂಟಕ್ಕೆ ಇಳಿದರೂ ಬಿಡುಗಡೆ ಇಲ್ಲ. ಕಾಯಂ ಕೆಲಸದವರು 5 ವರ್ಷ ಪೂರೈಸಿರಬೇಕು. ಕಾರ್ಮಿಕ ತೀರಿಕೊಂಡರೆ ಅಥವಾ ಅಂಗವಿಕಲರಾದರೆ 5 ವರ್ಷದ ಷರತ್ತು ಇಲ್ಲ. ಗೊತ್ತುಪಡಿಸಿದ ಅವಧಿಯ ಕರಾರಿನವರಿಗೆ ಹೊಸ ಸಂಹಿತೆ 1 ವರ್ಷಕ್ಕೇ ಹಕ್ಕು ಕೊಟ್ಟಿದೆ.

ಸೂತ್ರ ಸರಳ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ವರ್ಷಗಳಿಂದ ಗುಣಿಸಿ. ಕೊನೆಯ ವರ್ಷದಲ್ಲಿ 6 ತಿಂಗಳು ದಾಟಿದ್ದರೆ ಪೂರ್ತಿ ವರ್ಷ. ಹಾಗಾಗಿ ದೋಸೆ ಅಣ್ಣನ 17 ವರ್ಷ 8 ತಿಂಗಳು ಲೆಕ್ಕಕ್ಕೆ 18 ವರ್ಷ.

ಈಗ ‘ವೇತನ’ ಅಂದರೆ ಯಾವುದು? ಅವರ ಒಟ್ಟು ಪಗಾರು 26,000 ರೂಪಾಯಿ. ಪಗಾರಿನ ಚೀಟಿಯಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 10,400 ಮಾತ್ರ, ಉಳಿದ 15,600 ಬಗೆಬಗೆಯ ಭತ್ಯೆ. ಹಳೆಯ ಪದ್ಧತಿಯಲ್ಲಿ 10,400ರ ಮೇಲೆ ಲೆಕ್ಕ: 26ರಿಂದ ಭಾಗಿಸಿದರೆ 400, 15 ದಿನಕ್ಕೆ 6,000, 18 ವರ್ಷಕ್ಕೆ 1,08,000. ಹೊಸ ಸಂಹಿತೆಯಂತೆ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದು ವೇತನಕ್ಕೇ ಸೇರಬೇಕು. ಅಂದರೆ ವೇತನ 13,000. ಭಾಗಿಸಿದರೆ 500, 15 ದಿನಕ್ಕೆ 7,500, 18 ವರ್ಷಕ್ಕೆ 1,35,000. ಚೀಟಿಯ ಒಂದು ಗೆರೆಯಿಂದ 27,000 ರೂಪಾಯಿ ವ್ಯತ್ಯಾಸ! ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದಾಗ ಅಣ್ಣ ಎರಡು ಸಲ ಕನ್ನಡಕ ಒರೆಸಿಕೊಂಡರು.

ಪಗಾರಿನ ಬದಲಿಗೆ ಊಟ, ವಸತಿ ಕೊಟ್ಟಿದ್ದರೆ ಅದರ ಮೌಲ್ಯವೂ ಒಟ್ಟು ವೇತನದ ಶೇ 15ರವರೆಗೆ ವೇತನವೆಂದೇ ಲೆಕ್ಕ. ಹೋಟೆಲಿನವರಿಗೆ ಇದು ಸಣ್ಣ ಮಾತಲ್ಲ.

‘ನೀನು ಪ್ರತಿ ಮಳೆಗಾಲಕ್ಕೆ ನಾಟಿಗೆ ಅಂತ ಎರಡು ತಿಂಗಳು ಊರಿಗೆ ಹೋಗ್ತಿದ್ದೆ, ಸರ್ವಿಸ್ ಕಟ್ ಆಯ್ತು’ ಅನ್ನುವ ವಾದ ಬಂದೇ ಬರುತ್ತದೆ. ಹೆದರಬೇಡಿ. ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಅಖಂಡ ಸೇವೆ. ಒಪ್ಪಿಗೆಯ ರಜೆಯಿಂದ ಸೇವೆ ತುಂಡಾಗುವುದಿಲ್ಲ. ಇನ್ನು ಸಪ್ಲಾಯರ್‌ಗಳಿಗೆ ‘ನಿಮಗೆ ಟಿಪ್ಸ್ ಬರ್ತದಲ್ಲ’ ಅನ್ನುವ ಮಾತು. ಹೋಟೆಲ್ ಕೆಲಸಗಾರರಿಗಾಗಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1991ರಲ್ಲಿ ಮಾಡಿದ 172ನೇ ಒಪ್ಪಂದ, ಟಿಪ್ಸ್ ಎಷ್ಟೇ ಬರಲಿ ಮೂಲ ಪಗಾರು ಕಾಲಕಾಲಕ್ಕೆ ಕೊಡಲೇಬೇಕು ಅನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಅಮೆರಿಕದಲ್ಲಿ ಟಿಪ್ಸ್ ಪಡೆಯುವವರಿಗೆ ಧನಿ ಕೈಯಿಂದ ಕೊಡಬೇಕಾದ ಕೇಂದ್ರದ ಕನಿಷ್ಠ ಕೂಲಿ ಅದೇ 1991ರಿಂದ ಗಂಟೆಗೆ 2.13 ಡಾಲರ್‌ನಲ್ಲೇ ನಿಂತಿದೆ. ದೊಡ್ಡ ದೇಶದ ಗಲ್ಲೆಯೂ ಗಲ್ಲೆಯೇ.

ದುಬೈಗೆ ಹೋಗುವ ಹುಡುಗರು ಇದನ್ನೂ ತಿಳಿದಿರಲಿ. ಯುಎಇಯಲ್ಲಿ 1 ವರ್ಷ ಪೂರೈಸಿದರೆ ಸಾಕು, ಮೊದಲ 5 ವರ್ಷ ವರ್ಷಕ್ಕೆ 21 ದಿನದ ಮೂಲವೇತನ, ನಂತರ 30 ದಿನದ್ದು. ಕರಾರು ಮುಗಿದ 14 ದಿನದೊಳಗೆ ಲೆಕ್ಕ ತೀರಿಸಬೇಕು.

ಕಾಗದ ಬರೆಯಿರಿ, ಬಾಯಲ್ಲಿ ಕೇಳಬೇಡಿ

ಬಾಯಲ್ಲಿ ಕೇಳಿದರೆ ದಾಕ್ಷಿಣ್ಯ ಅಡ್ಡ ಬರುತ್ತದೆ, ಮಾತು ತಾರಕಕ್ಕೆ ಏರಿದರೆ ಜಗಳ. ಕಾಗದಕ್ಕೆ ಎರಡೂ ಇಲ್ಲ. ಕಾನೂನಿನಂತೆ ನೀವು ಕೇಳಲಿ ಬಿಡಲಿ, ಲೆಕ್ಕ ಹಾಕಿ ಕೊಡುವುದು ಧನಿಗಳ ಕೆಲಸವೇ. ಆದರೂ ಬರೆಯಿರಿ, ಕೇಳಿದ ತಾರೀಕು ನಿಮ್ಮ ಕೈಯಲ್ಲಿ ಇರಬೇಕು. ನಾವು ಬರೆದದ್ದು ಇಷ್ಟೇ: ‘ನಾನು ನಿಮ್ಮಲ್ಲಿ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ದೋಸೆ ಮಾಸ್ಟರ್ ಆಗಿ ದುಡಿದಿದ್ದೇನೆ. ಕೊನೆಯ ಪಗಾರು ಇಷ್ಟು. 18 ವರ್ಷದ ಗ್ರ್ಯಾಚ್ಯುಟಿ 1,35,000 ರೂಪಾಯಿಯನ್ನು ಈ ಖಾತೆಗೆ ಜಮೆ ಮಾಡಬೇಕಾಗಿ ವಿನಂತಿ.’ ಕೆಳಗೆ ವಿಳಾಸ, ಸಹಿ. ಬರೆದದ್ದು ಮರಾಠಿಯಲ್ಲಿ, ಮುಂದೆ ಕಚೇರಿಗೆ ಹೋದರೆ ಅನುಕೂಲ ಅಂತ. ಗ್ರ್ಯಾಚ್ಯುಟಿಗೆ ನಿಗದಿತ ಅರ್ಜಿ ನಮೂನೆಯೂ ಇದೆ, ಸಿಕ್ಕರೆ ಜೊತೆಗೆ ತುಂಬಿ.

ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಅಂಚೆ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಅಂತ ಹೇಳಿ, ತಲುಪಿದ ದಾಖಲೆ ಬೇಕು ಅಂತಲೂ ಹೇಳಿ.

ಸಹಿ ವಿಷಯದಲ್ಲಿ ನನ್ನದೇ ಕಥೆ. ಫೋರ್ಟ್ ಕಡೆಯ ಒಂದು ಹೋಟೆಲಿನಲ್ಲಿ ಆರು ವರ್ಷ ಇದ್ದೆ. ಬಿಡುವ ದಿನ ಮೇನೇಜರ್ ಒಂದು ಇಂಗ್ಲಿಷ್ ಕಾಗದ ಮುಂದಿಟ್ಟು ಬೆರಳು ತೋರಿಸಿದ ಕಡೆ ಸಹಿ ಹಾಕಿದೆ. ಓದಿಸಿದ್ದು ಎರಡು ವರ್ಷದ ಮೇಲೆ: ‘ನನ್ನ ಎಲ್ಲ ಬಾಕಿಯೂ ಸಂದಿದೆ.’ ಸಂದದ್ದು ಒಂದು ತಿಂಗಳ ಪಗಾರು ಮತ್ತು ಒಂದು ಶರ್ಟ್ ಪೀಸು. ಇಂಥ ಕಾಗದದಿಂದ ಗ್ರ್ಯಾಚ್ಯುಟಿ ಹಕ್ಕು ಹೋಗುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ. ನೀವು ಸಹಿ ಹಾಕಲೇಬೇಕಾದರೆ ಮೇಲೆ ನಿಮ್ಮ ಕೈಯಲ್ಲೇ, ಕನ್ನಡದಲ್ಲೇ, ‘ಪಗಾರಿನ ಬಾಬ್ತು ಇಷ್ಟು ರೂಪಾಯಿ ಮಾತ್ರ ಮುಟ್ಟಿದೆ’ ಅಂತ ಬರೆದು ಕೆಳಗೆ ಹಾಕಿ. ಫೋಟೊ ತೆಗೆದುಕೊಳ್ಳಿ.

30 ದಿನ ಕಳೆದರೂ ಸುದ್ದಿ ಇಲ್ಲವೆ?

ಬಾಂದ್ರಾ ಪೂರ್ವದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿರುವ ಕಾಮಗಾರ್ ಭವನಕ್ಕೆ ಹೋಗಿ. ರಾಜ್ಯದ ಕಾರ್ಮಿಕ ಆಯುಕ್ತರ ಕಚೇರಿ ಅಲ್ಲೇ. ನಿಮ್ಮ ಹೋಟೆಲಿನ ವಾರ್ಡಿಗೆ ಯಾವ ಅಧಿಕಾರಿ, ಗ್ರ್ಯಾಚ್ಯುಟಿ ಅರ್ಜಿ ಯಾವ ಪ್ರಾಧಿಕಾರಕ್ಕೆ ಹೋಗಬೇಕು ಅಂತ ಕೇಳಿ ಬರೆದುಕೊಳ್ಳಿ. ಆದೇಶವಾದ ಮೇಲೂ ಕೊಡದಿದ್ದರೆ ಕಲೆಕ್ಟರ್ ಭೂಕಂದಾಯದ ಬಾಕಿಯ ಹಾಗೆ ಬಡ್ಡಿ ಸಮೇತ ವಸೂಲು ಮಾಡಬಹುದು. ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯಬೇಡಿ, ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ.

ಸತ್ಯ ಹೇಳಬೇಕೆಂದರೆ ಹೆಚ್ಚಿನ ಪ್ರಕರಣ ಅಲ್ಲಿತನಕ ಹೋಗುವುದೇ ಇಲ್ಲ. ಕಾಗದ ತಲುಪಿದ ವಾರದಲ್ಲಿ ಧನಿಗಳ ಅಕೌಂಟೆಂಟ್ ಫೋನ್ ಮಾಡುತ್ತಾರೆ. ಆಗ ಕಂತಿಗೆ ಒಪ್ಪಬಹುದು, ಆದರೆ ಕಂತಿನ ತಾರೀಕು ಬರಹದಲ್ಲಿ ಇರಲಿ.

ಪಿಎಫ್: ಹೆಸರು ನೋಡಿಕೊಳ್ಳಿ

ಯುಎಎನ್‌ಗೆ (ಪಿಎಫ್‌ನವರು ನಿಮಗೆ ಕೊಟ್ಟ ಸಂಖ್ಯೆ) ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಎಷ್ಟಿದೆ ಅಂತ ಮೆಸೇಜು ಬರುತ್ತದೆ. ಕೆಲಸ ಬಿಟ್ಟ ತಾರೀಕನ್ನು ಹೋಟೆಲಿನವರು ಹಾಕದಿದ್ದರೆ ಕೊನೆಯ ಜಮೆಯಾಗಿ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. 10 ವರ್ಷ ಆಗಿದ್ದರೆ 58ಕ್ಕೆ ಪಿಂಚಣಿ ಇದೆ, ಮರೆಯಬೇಡಿ.

ನಮ್ಮವರ ಅರ್ಜಿ ಹೆಚ್ಚು ಸಿಕ್ಕಿಬೀಳುವುದು ಹೆಸರಿನಲ್ಲಿ. ಊರಿನ ಆಧಾರ್‌ನಲ್ಲಿ ಹೆಸರು, ಕುಲನಾಮ ಎರಡೇ. ಮುಂಬಯಿ ಗುಮಾಸ್ತರು ಇಲ್ಲಿಯ ಪದ್ಧತಿಯಂತೆ ನಡುವೆ ಅಪ್ಪನ ಹೆಸರು ತುರುಕಿರುತ್ತಾರೆ. ದೋಸೆ ಅಣ್ಣನದ್ದೂ ಹಾಗೇ ಆಗಿತ್ತು. ಊರು ಸೇರಿದ ಮೇಲೆ ಇದನ್ನು ಸರಿಪಡಿಸುವುದು ಕಷ್ಟ, ಹೊರಡುವ ಮೊದಲೇ ಹೋಟೆಲಿನವರಿಂದ ತಿದ್ದುಪಡಿಗೆ ಒಪ್ಪಿಗೆ ಕೊಡಿಸಿ.

ಇಲ್ಲಿಯ ಬ್ಯಾಂಕ್ ಖಾತೆ ಮುಚ್ಚಬೇಡಿ, ಆಧಾರ್‌ಗೆ ಕೊಟ್ಟ ಸಿಮ್ ಬಿಸಾಡಬೇಡಿ. ಓಟಿಪಿ ಬರುವುದು ಅದಕ್ಕೇ. ಅಣ್ಣ ಹೊರಡುವ ದಿನ ಕುರ್ಲಾ ಟರ್ಮಿನಸ್‌ನಿಂದ ಫೋನ್ ಮಾಡಿದರು. ಗ್ರ್ಯಾಚ್ಯುಟಿಯ ಮೊದಲ ಕಂತು ಜಮೆಯಾಗಿದೆ, ಸಿಮ್‌ಗೆ ಮೂರು ತಿಂಗಳ ರೀಚಾರ್ಜ್ ಆಗಿದೆ ಅಂದರು. ಯಾರು ಹಾಕಿಸಿದ್ದು ಅಂತ ಕೇಳಿದೆ. ‘ಧನಿಗಳ್ ಮಗನೇ, ಮಾರಾಯ್ರೆ’ ಅಂದರು.