ಐದು ಮಕ್ಕಳು, ಒಂದು ಮಣೆ

ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಸಣ್ಣ ಅಡಿಕೆ ತೋಟ, ಎರಡು ಆಕಳು, ಅತ್ತೆ, ನಾವಿಬ್ಬರು, ಐದು ಮಕ್ಕಳು. ದೊಡ್ಡವಳಿಗೆ 16 ವರ್ಷ, ಎರಡನೆಯವನಿಗೆ 13, ಅವಳಿ ಹೆಣ್ಣುಮಕ್ಕಳಿಗೆ 9, ಕಿರಿಯವನಿಗೆ 5. ಏಳು ವರ್ಷಗಳಿಂದ ಮಕ್ಕಳು ಮನೆಯಲ್ಲೇ ಕಲಿಯುತ್ತಿದ್ದಾರೆ. ಇದಕ್ಕೆ ಹೋಮ್‌ಸ್ಕೂಲಿಂಗ್ ಎನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಶುರು ಮಾಡಿ ಆರು ತಿಂಗಳಾದ ಮೇಲೆ.

ಶುರುವಾಗಿದ್ದು ಮಳೆಯಿಂದ. ಆಗ ದೊಡ್ಡವಳು ನಾಲ್ಕನೇ ಕ್ಲಾಸು, ಮಗ ಒಂದನೇ ಕ್ಲಾಸು. ಶಾಲೆಗೆ ಹೋಗಲು ಹಳ್ಳ ದಾಟಬೇಕು. ಆ ವರ್ಷ ಜುಲೈನಲ್ಲಿ ಒಂದೇ ರಾತ್ರಿಯ ಮಳೆಗೆ ಕಾಲುಸಂಕ ತೇಲಿ ಹೋಯಿತು. ಸುತ್ತಿಕೊಂಡು ಹೋಗುವುದಾದರೆ ಏಳು ಕಿಲೋಮೀಟರ್. ಆರು ವಾರ ಮಕ್ಕಳು ಮನೆಯಲ್ಲೇ ಉಳಿದರು. ಸುಮ್ನೆ ಕೂರಬಾರದು ಅಂತ ದಿನಾ ಬೆಳಿಗ್ಗೆ ಜಗುಲಿಯಲ್ಲಿ ಕೂರಿಸಿಕೊಂಡು ಓದಿಸಿದೆ. ಅಲ್ಲಿಯವರೆಗೆ ಅಕ್ಷರ ಅಂದರೆ ಮುಖ ತಿರುಗಿಸುತ್ತಿದ್ದ ಮಗ ಆರನೇ ವಾರಕ್ಕೆ ಪಂಚಾಂಗದ ಮೇಲಿನ ಹೆಸರು ಓದಿದ. ಸಂಕ ಮತ್ತೆ ಬಂತು, ನಾವು ಮಾತ್ರ ಕಳಿಸಲಿಲ್ಲ. ಶಾಲೆಯ ಮೇಲೆ ನಮಗೆ ಯಾವ ದೂರೂ ಇರಲಿಲ್ಲ. ಮಗು ಅರಳಿದ್ದನ್ನು ಕಣ್ಣಾರೆ ಕಂಡಿದ್ದೆವು, ಅದನ್ನು ನಿಲ್ಲಿಸಲು ಮನಸ್ಸು ಬರಲಿಲ್ಲ, ಅಷ್ಟೇ.

"ಪಾಟಿಚೀಲ ಇಲ್ಲದ ಮಕ್ಕಳು ಎಂತ ಮಕ್ಕಳೇ" ಎಂದು ಅತ್ತೆ ಬಹಳ ಬೇಜಾರು ಮಾಡಿಕೊಂಡರು. ಅವರ ಬೇಜಾರಿಗೆ ಕಾರಣವಿತ್ತು. ಅವರಿಗೆ ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರಂತೆ.

ಮೊದಲ ವರ್ಷ ನಾನು ಶಾಲೆಯನ್ನೇ ಮನೆಗೆ ತರಲು ಹೋದೆ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. 45 ನಿಮಿಷದ ಪಿರಿಯಡ್ಡು, ಮಧ್ಯೆ ಬಿಡುವು. ಆದರೆ ತೋಟದ ಮನೆಯಲ್ಲಿ ಹತ್ತು ಗಂಟೆ ಅಂದರೆ ಆಳುಗಳಿಗೆ ಚಾ ಕೊಡುವ ಹೊತ್ತು. ಅವಳಿಗಳಿಗೆ ಆಗ ಎರಡು ವರ್ಷ. ಒಂದು ಅಳು ನಿಲ್ಲಿಸುವಾಗ ಇನ್ನೊಂದು ಶುರು. ಮೂರೇ ವಾರಕ್ಕೆ ವೇಳಾಪಟ್ಟಿ ಕಿತ್ತು ತೆಗೆದೆ.

ದಾರಿ ತೋರಿಸಿದ್ದು ನಮ್ಮೂರಿನ ನಿವೃತ್ತ ಅಕ್ಕೋರು, ಅಂದರೆ ಶಾಲೆಯ ಟೀಚರು. ಅವರು ವರ್ಷಗಟ್ಟಲೆ ನಲಿ-ಕಲಿ ತರಗತಿ ನಡೆಸಿದವರು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಾರ್ಡುಗಳ ಮೆಟ್ಟಿಲನ್ನು ಒಬ್ಬೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಹತ್ತುವ ಪದ್ಧತಿ ಅದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅಕ್ಕೋರು ಹೇಳಿದ್ದು ಇಷ್ಟೇ: "ತಂಗೀ, ಎಲ್ಲರಿಗೂ ಒಟ್ಟಿಗೆ ಪಾಠ ಹೇಳಲು ಹೋಗಬೇಡ. ಒಬ್ಬರ ಹತ್ತಿರ ಕೂರು. ಉಳಿದವರ ಕೈಗೆ ಅವರಿಂದ ಆಗುವ ಕೆಲಸ ಕೊಡು."

ಅಲ್ಲಿಂದ ಬಂದಿದ್ದು ಮಣೆ. ಊಟಕ್ಕೆ ಹಾಕುವ ಮಣೆಗಳಲ್ಲೇ ಒಂದನ್ನು ಜಗುಲಿಯ ಮೂಲೆಯಲ್ಲಿ ಇಟ್ಟೆ. ಒಂದು ಮಗುವಿಗೆ 20 ನಿಮಿಷ. ಆ ಹೊತ್ತು ಆಯಿ, ಅಂದರೆ ಅಮ್ಮ, ಆ ಮಗುವಿನವಳು ಮಾತ್ರ. ಬೇರೆ ಯಾರೂ ಕರೆಯುವಂತಿಲ್ಲ, ಪೆನ್ಸಿಲ್ ಕೇಳುವಂತಿಲ್ಲ, ಜಗಳದ ತೀರ್ಪಿಗೆ ಬರುವಂತಿಲ್ಲ. ಕರೆಯಲು ಮೂರೇ ಕಾರಣ: ರಕ್ತ, ಬೆಂಕಿ, ಹಾವು. ಆಮೇಲೆ ಮಕ್ಕಳೇ ನಾಲ್ಕನೆಯದನ್ನು ಸೇರಿಸಿದರು, ಆಕಳು ತೋಟಕ್ಕೆ ನುಗ್ಗಿದರೆ. ನನ್ನ ಫೋನು ಒಳಗಿನ ಕಪಾಟಿನಲ್ಲಿ ಇರುತ್ತದೆ.

20 ನಿಮಿಷ ಏನು ಸಾಕು ಅಂತ ಅನಿಸುತ್ತದೆ ಅಲ್ವಾ? ನನಗೂ ಅನಿಸಿತ್ತು. ಆದರೆ ಒಬ್ಬರೇ ಎದುರಿಗೆ ಕೂತಾಗ ಮಗುವಿಗೆ ಎಲ್ಲಿ ತಿಳಿದಿಲ್ಲ ಅನ್ನುವುದು ಐದೇ ನಿಮಿಷಕ್ಕೆ ಗೊತ್ತಾಗುತ್ತದೆ. ಅವಳಿಗಳಲ್ಲಿ ಒಬ್ಬಳು ಕಳೆಯುವ ಲೆಕ್ಕದಲ್ಲಿ ದಶಕ ತರುವಾಗ ತಪ್ಪುತ್ತಿದ್ದಳು. ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ, ಅಕ್ಕನ ಪಾಟಿ ನೋಡಿ ಬರೆಯುತ್ತಿದ್ದಳು. ಮಣೆಯ ಮೇಲೆ ಹತ್ತು ಹತ್ತು ಅಡಿಕೆಯ ಗುಡ್ಡೆ ಮಾಡಿ, ಒಂದು ಗುಡ್ಡೆ ಒಡೆದು ತೋರಿಸಿದೆ. ಮೂರು ದಿನ ಹಿಡಿಯಿತು.

ಐದು ಮಕ್ಕಳಿಗೆ 100 ನಿಮಿಷ. ಒಂದೇ ಸಲಕ್ಕೆ ಮಾಡುವುದಿಲ್ಲ. ಬೆಳಿಗ್ಗೆ ತೆಳ್ಳೇವಿನ (ತೆಳು ದೋಸೆಯ) ಕಾವಲಿ ಇಳಿಸಿ, ಕೊಟ್ಟಿಗೆ ಕೆಲಸ ಮುಗಿದ ಮೇಲೆ ಮೂವರು. ಮಧ್ಯಾಹ್ನ ಊಟದ ನಂತರ ಇಬ್ಬರು ಎಂದು ಶುರು ಮಾಡಿದ್ದು, ದೊಡ್ಡವರಿಬ್ಬರ ಹೊತ್ತು ಆಮೇಲೆ ಬದಲಾಯಿತು. ಉಳಿದವರಲ್ಲಿ ಕಿರಿಯವನಿಗೆ ಯಾವಾಗಲೂ ಮೊದಲ ಸರದಿ. ಅವನ ಹೊಟ್ಟೆ ಮತ್ತು ಮನಸ್ಸು ತುಂಬಿದರೆ ಉಳಿದವರಿಗೆ ಮನೆ ಶಾಂತ. ಉಳಿದವರು ಆ ಹೊತ್ತಿನಲ್ಲಿ ಓದುತ್ತಾರೆ, ಲೆಕ್ಕ ಮಾಡುತ್ತಾರೆ, ಚಿತ್ರ ಬಿಡಿಸುತ್ತಾರೆ. ಪಠ್ಯಪುಸ್ತಕ ರಾಜ್ಯ ಸರ್ಕಾರದ್ದೇ. ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅದಕ್ಕೇ ಮೇ ತಿಂಗಳಲ್ಲೇ ಶಿರಸಿಗೆ ಹೋಗಿ ಬೇಕಾದ ಪಾಠ ಪ್ರಿಂಟ್ ಹಾಕಿಸಿಕೊಂಡು ಬರುತ್ತೇನೆ. ಕಥೆ ಪುಸ್ತಕಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ.

ಈಗ ನನಗೆ ಇಂದಿಗೂ ನೋವು ಕೊಡುವ ಒಂದು ವಿಷಯ ಹೇಳಬೇಕು. ಮಣೆ ಬಂದ ಮೇಲೂ ಎರಡು ವರ್ಷ ನಾನು ದೊಡ್ಡವಳನ್ನು ಇನ್ನೊಬ್ಬ ಆಯಿಯಂತೆ ಬಳಸಿಕೊಂಡೆ. ತಂಗಿಯರಿಗೆ ಮಗ್ಗಿ ಹೇಳಿಕೊಡುವುದು, ತಮ್ಮನಿಗೆ ಕಾಗುಣಿತ ಬರೆಸುವುದು, ಕೂಸಿನ ತೊಟ್ಟಿಲು ತೂಗುವುದು, ಎಲ್ಲ ಅವಳದ್ದೇ. ಅವಳ ಸರದಿ ಕೊನೆಯದು. ಮನೆಗೆ ಯಾರಾದರೂ ಬಂದರೆ ಮೊದಲು ತಪ್ಪುತ್ತಿದ್ದುದೂ ಅವಳದ್ದೇ. ಜಾಣೆ, ತಾನೇ ಓದಿಕೊಳ್ಳುತ್ತಾಳೆ ಅಂತ ನಾನು ನಂಬಿದ್ದೆ. ಒಂದು ಸಂಜೆ ಚಳಿ ಕಾಯಿಸುವ ಹೊಡತಲಿನ ಬೆಂಕಿಯ ಮುಂದೆ ಕುಳಿತಿದ್ದಾಗ ಅವಳು ತಣ್ಣಗೆ ಹೇಳಿದಳು: "ಆಯಿ, ಎಲ್ಲರಿಗೂ ಆನು ಹೇಳ್ಕೊಡ್ತಿ. ಯಂಗೆ ಯಾರು ಹೇಳ್ಕೊಡ್ತ?" ಎಲ್ಲರಿಗೂ ನಾನು ಹೇಳಿಕೊಡುತ್ತೇನೆ, ನನಗೆ ಯಾರು ಹೇಳಿಕೊಡುತ್ತಾರೆ ಅಂತ.

ನನಗೆ ಉತ್ತರ ಕೊಡಲು ಆಗಲಿಲ್ಲ. ಆ ರಾತ್ರಿ ನಾವು ಗಂಡ ಹೆಂಡತಿ ಬಹಳ ಹೊತ್ತು ಮಾತಾಡಿದೆವು. ಮರುದಿನದಿಂದ ಮೂರು ಬದಲಾವಣೆ ಆಯಿತು. ಅವಳ 20 ನಿಮಿಷ ಬೆಳಗಿನ ಐದೂವರೆಗೆ, ಬೇರೆ ಯಾರೂ ಏಳುವ ಮೊದಲು. ಮಧ್ಯಾಹ್ನ ಎರಡರಿಂದ ನಾಲ್ಕು ಅವಳು ಅಟ್ಟದ ಮೇಲೆ, ಅಲ್ಲಿಗೆ ಯಾರೂ ಹತ್ತುವಂತಿಲ್ಲ. ತಮ್ಮ ತಂಗಿಯರಿಗೆ ಕಲಿಸುವುದು ಅವಳು ಬಯಸಿದರೆ ಮಾತ್ರ. ಗಣಿತ ನೋಡಿಕೊಳ್ಳುವುದು ಅಪ್ಪನ ಪಾಲಿಗೆ ಬಂತು. ಅಲ್ಲಿಯವರೆಗೆ ಅವರು ತೋಟ ತಮ್ಮದು, ಓದು ನನ್ನದು ಎಂದುಕೊಂಡಿದ್ದರು. ಮಕ್ಕಳು ಜಾಸ್ತಿ ಇರುವ ಮನೆಯವರು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ: ಹಿರಿಯ ಮಗಳ ದಿನಚರಿಯನ್ನು ಒಂದು ವಾರ ಬರೆದಿಡಿ, ಅದರಲ್ಲಿ ಅವಳದ್ದು ಎಷ್ಟಿದೆ ನೋಡಿ.

ತೋಟದ ಕೆಲಸದ ಬಗ್ಗೆಯೂ ಇದೇ ಎಚ್ಚರ ಬೇಕಾಯಿತು. ಆಳು ಸಿಗದ ಕಾಲ ಇದು. ಮನೆಯಲ್ಲಿರುವ ಮಕ್ಕಳ ಕೈ ಬಳಸಿಕೊಳ್ಳುವುದು ಬಹಳ ಸುಲಭ. ಹಾಗಾಗಿ ನಾವು ಗೆರೆ ಹಾಕಿಕೊಂಡೆವು. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಔಷಧಿ, ಕೊಯ್ಯುವ ಉದ್ದನೆಯ ದೋಟಿ ಮಕ್ಕಳ ಕೈಗಿಲ್ಲ. ನೋಡಬಹುದು, ಕೇಳಬಹುದು, ಲೆಕ್ಕ ಬರೆಯಬಹುದು.

ನೋಡುವುದರಲ್ಲೇ ಎಷ್ಟೊಂದಿದೆ! ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ದಿನ ನಮ್ಮ ಮನೆಯಲ್ಲಿ ವಿಜ್ಞಾನದ ದಿನ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಅಲ್ಲ. ಅದೇ ಶೇಕಡಾ 1ರ ದ್ರಾವಣ. ಶೇಕಡಾ ಅಂದರೇನು ಅಂತ ಮಗನಿಗೆ ಬೇರೆ ಪಾಠ ಬೇಕಾಗಲಿಲ್ಲ. ಆಮೇಲೆ ಅವರಪ್ಪ ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಕತ್ತಿ ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ. "ಕೆಂಪು ಎಲ್ಲಿಂದ ಬಂತು?" ಎಂದು ಕೇಳಿದ ಮಗ, ಅದು ತಾಮ್ರ ಎಂದು ತಿಳಿದ ದಿನ ಪೂಜೆಯ ತಾಮ್ರದ ಚೊಂಬು ತಂದು ಪಕ್ಕದಲ್ಲಿಟ್ಟು ಬಣ್ಣ ಹೋಲಿಸಿದ.

ಅವಳಿಗಳದ್ದು ಮಳೆ. ಅಂಗಳದಲ್ಲಿ ಮರ, ಮಾಡು ಅಡ್ಡ ಬರದ ಕಡೆ ನೇರ ಗೋಡೆಯ ಸ್ಟೀಲ್ ಡಬ್ಬ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಳತೆಪಟ್ಟಿ ಇಳಿಸಿ ಬರೆದಿಡುತ್ತಾರೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹಂಚಿನ ಮಾಡು ನೆಲದ ಲೆಕ್ಕದಲ್ಲಿ 120 ಚದರ ಮೀಟರ್. ಒಂದು ದಿನ 74 ಮಿಲಿಮೀಟರ್ ಬಂತು. ಅಂದರೆ ಮಾಡಿನಿಂದ ಇಳಿದದ್ದು 8,880 ಲೀಟರ್! ಆ ಸಂಖ್ಯೆ ನೋಡಿ ಇಬ್ಬರೂ ಬೆರಗಾದರು. ಕೂಡಲೇ ಬಂದ ಪ್ರಶ್ನೆ: "ಅಷ್ಟೂ ನೀರು ಎಲ್ಲಿಗೆ ಹೋತು?"

ಉತ್ತರ ಹುಡುಕಲು ಮುಂದಿನ ಮಾರ್ಚ್‌ನಲ್ಲಿ ಎಲ್ಲರೂ ಹೊರಟೆವು. ನಮ್ಮ ಹಳ್ಳದ ನೀರು ಅಘನಾಶಿನಿಗೆ. ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆ ಅದು. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೊಳೆ ಕಡಲು ಸೇರುವ ತದಡಿ. ನೀರು ಇಳಿದ ಹೊತ್ತಿನಲ್ಲಿ ಹೆಂಗಸರು ಅಳಿವೆಯ ಕೆಸರಿನಲ್ಲಿ ಬಳಚು (ಚಿಪ್ಪಿನ ಜೀವಿ) ಆರಿಸುತ್ತಿದ್ದರು. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲೂ ಬೆಳೆಯುವ ಕಗ್ಗ ಭತ್ತದ ಬಗ್ಗೆ ಒಬ್ಬ ಅಜ್ಜ ಮಕ್ಕಳಿಗೆ ಅರ್ಧ ಗಂಟೆ ಹೇಳಿದರು. ಸಾಣಿಕಟ್ಟೆಯಲ್ಲಿ ಉಪ್ಪಿನ ರಾಶಿ ನೋಡಿದೆವು. ತದಡಿಯಿಂದ ದೋಣಿಯಲ್ಲಿ ಆಚೆ ದಡಕ್ಕೆ ಹೋಗುವಾಗ ಅವಳಿಗಳು ನೀರಿಗೆ ಕೈ ಅದ್ದಿ ನೆಕ್ಕಿ ನೋಡಿದರು. ನಮ್ಮ ಮಾಡಿನ ನೀರು ಉಪ್ಪಾಗಿದೆ ಎಂದರು.

ಅಡಿಕೆ ಕೊನೆ (ಗೊನೆ) ಕೊಯ್ಲಿನ ತಿಂಗಳುಗಳಲ್ಲಿ ಪುಸ್ತಕ ಬಹುಪಾಲು ಮುಚ್ಚಿಯೇ ಇರುತ್ತದೆ. ಮಣೆ ಮಾತ್ರ ತಪ್ಪಿಸುವುದಿಲ್ಲ, 20 ನಿಮಿಷ 10 ಆಗಬಹುದು ಅಷ್ಟೇ.

ಕಾನೂನಿನ ಬಗ್ಗೆ ಕೇಳುವವರಿಗೆ ನಾನು ಓದಿ ತಿಳಿದಷ್ಟು ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ, ಆದರೆ ಪಾಲಕರಿಗೆ ದಂಡ ಹೇಳಿಲ್ಲ. ಮನೆಯಲ್ಲಿ ಕಲಿಸುವುದರ ಬಗ್ಗೆ ಪ್ರತ್ಯೇಕವಾಗಿ ಏನೂ ಇಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬಂದವರಿಗೆ ನಾನು ಮಕ್ಕಳ ನೋಟ್‌ಬುಕ್ಕುಗಳನ್ನೇ ಮುಂದಿಟ್ಟೆ. ಪ್ರತಿ ಮಗುವಿಗೂ ಒಂದು ಪುಸ್ತಕ, ದಿನಕ್ಕೆ ಎರಡು ಸಾಲು, ತಾರೀಖಿನ ಜೊತೆ. ಅದನ್ನು ಬರೆದಿಡುವ ಅಭ್ಯಾಸ ಬಹಳ ಉಪಕಾರಕ್ಕೆ ಬಂತು.

ದೊಡ್ಡವಳು ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿಗೆ ಹೆಸರು ನೋಂದಾಯಿಸಿದ್ದಾಳೆ. 14 ತುಂಬಿರಬೇಕು, ಐದು ವಿಷಯ ಪಾಸಾಗಬೇಕು. ಒಮ್ಮೆ ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶ. ಎಲ್ಲ ವಿಷಯವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಅವಳು ಮೊದಲ ಸಲ ಕನ್ನಡ ಮತ್ತು ಸಮಾಜ ವಿಜ್ಞಾನ ಬರೆದು ಪಾಸಾದಳು. ಗಣಿತ, ವಿಜ್ಞಾನ, ಇಂಗ್ಲಿಷ್ ಬಾಕಿ ಇವೆ. ಪರೀಕ್ಷಾ ಕೇಂದ್ರ ದೂರ, ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕು. ಇದನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಕಳೆದ ಬೇಸಿಗೆಯಲ್ಲಿ ಎರಡನೆಯವ ಬಂದು ತಾನು ಹೈಸ್ಕೂಲಿಗೆ ಹೋಗುತ್ತೇನೆ ಎಂದ. ತನ್ನ ವಯಸ್ಸಿನ ಹುಡುಗರ ಜೊತೆ ಇರಬೇಕು, ಕಬಡ್ಡಿ ಆಡಬೇಕು ಎಂದ. ನನ್ನ ಗಂಟಲು ಕಟ್ಟಿತು, ಆದರೆ ಅವನು ಕೇಳಿದ್ದು ಸರಿಯಾಗಿತ್ತು. ವಯಸ್ಸಿಗೆ ತಕ್ಕ ತರಗತಿಗೆ ಸೇರುವ ಹಕ್ಕು ಅದೇ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿದೆ. ಈ ಜೂನ್‌ನಿಂದ ಎಂಟನೇ ಕ್ಲಾಸಿಗೆ ಹೋಗುತ್ತಿದ್ದಾನೆ. ಅತ್ತೆ ತಾವೇ ದುಡ್ಡು ಕೊಟ್ಟು ಪಾಟಿಚೀಲ ತರಿಸಿದರು.

ಹೋಗುವ ಹಿಂದಿನ ರಾತ್ರಿ ಅವನು ಕೇಳಿದ್ದು ಒಂದೇ: "ಆಯಿ, ನನ್ನ ಮಣೆ?" ಈಗ ಅವನ ಸರದಿ ಸಂಜೆ ಆರೂವರೆಗೆ, ದೇವರಿಗೆ ದೀಪ ಹಚ್ಚಿದ ಮೇಲೆ. ಹೋಮ್‌ವರ್ಕ್ ತರುವುದಿಲ್ಲ. ಬಸ್ಸಿನಲ್ಲಿ ಯಾರು ಸಿಕ್ಕರು, ಮಾಸ್ತರು ಏನು ಹೇಳಿದರು, ಊಟಕ್ಕೆ ಏನಿತ್ತು ಅಂತ ಹೇಳುತ್ತಾನೆ. ನಾನು ಕೇಳುತ್ತಾ ಕೂರುತ್ತೇನೆ.