ಬೇಸಿಗೆ ಫೆಲೋಶಿಪ್‌ಗೆ ಬೇಸಿಗೆವರೆಗೆ ಕಾಯಬೇಡಿ

ಬಿ.ಎಸ್ಸಿ. ಎರಡನೇ ವರ್ಷದಲ್ಲಿರುವ ತಮ್ಮ, ತಂಗಿಯರಿಗೊಂದು ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗರಾಜ್‌ನ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ವಿಜ್ಞಾನಿಯೊಬ್ಬರ ಮಾರ್ಗದರ್ಶನದಲ್ಲಿ ಕೆಲಸ, ಭತ್ಯೆಯೂ ಉಂಟು. ಆದರೆ ಬೇಸಿಗೆಯದಲ್ಲವೇ ಎಂದು ಮಾರ್ಚ್‌ವರೆಗೆ ಕೂತರೆ ಕೆಟ್ಟಿರಿ. ಅರ್ಜಿಯ ಅವಧಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯಲ್ಲೇ ಮುಗಿದಿರುತ್ತದೆ. ನಾನು ಹೀಗೆಯೇ ಒಂದು ವರ್ಷ ಕಳೆದುಕೊಂಡೆ.

ಅರ್ಜಿಯಲ್ಲಿ ನೀವೇ ಬರೆಯುವ ಪುಟ್ಟ ಬರಹಕ್ಕೆ ಹೆಚ್ಚು ಸಮಯ ಕೊಡಿ. ‘ಬಾಲ್ಯದಿಂದಲೂ ವಿಜ್ಞಾನವೆಂದರೆ ಪ್ರೀತಿ’ ಎಂದು ಶುರು ಮಾಡಬೇಡಿ. ಎಲ್ಲರಿಗೂ ಇದೇ ಬಾಲ್ಯ! ಕಾಲೇಜಿನಲ್ಲಿ ಮಾಡಿದ ಒಂದು ಪ್ರಯೋಗ, ಅದರಲ್ಲಿ ಬಗೆಹರಿಯದೆ ಉಳಿದ ಪ್ರಶ್ನೆ, ಇಷ್ಟನ್ನು ನೇರವಾಗಿ ಬರೆಯಿರಿ. ಶಿಫಾರಸು ಪತ್ರಕ್ಕೆ ವಿಭಾಗದ ಮುಖ್ಯಸ್ಥರೇ ಬೇಕೆಂದಿಲ್ಲ, ನಿಮ್ಮ ಕೆಲಸ ಕಣ್ಣಾರೆ ಕಂಡ ಮೇಷ್ಟರನ್ನು ಕೇಳಿ, ಹದಿನೈದು ದಿನ ಮೊದಲೇ.

ವಿಷಯ ಹೊಳೆಯದಿದ್ದರೆ ಅದೇ ಅಕಾಡೆಮಿ 1996ರಿಂದ ಹೊರತರುತ್ತಿರುವ ‘ರೆಸೊನೆನ್ಸ್’ ಮಾಸಪತ್ರಿಕೆ ತೆರೆಯಿರಿ. ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥದ್ದೇ ಬೇಸಿಗೆ ಫೆಲೋಶಿಪ್ ಇದೆ, ಎರಡಕ್ಕೂ ಅರ್ಜಿ ಹಾಕಿಡಿ.